ಅತ್ತೆ ಮುಚ್ಚಿದ ತೂತುಗಳು

ನೀವು ನಂಬಲಿಕ್ಕಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಸೋದರತ್ತೆಯಷ್ಟು ಟಿ.ವಿ.ಗಳನ್ನು ಹತ್ತಿರದಿಂದ ನೋಡಿದ ಹೆಣ್ಣುಮಗಳು ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ. ಆದರೆ ಅವುಗಳಲ್ಲಿ ಏನು ಬರುತ್ತದೆ ಎಂದು ಕೇಳಿದರೆ ಅವಳಿಗೆ ಇವತ್ತಿಗೂ ಗೊತ್ತಿಲ್ಲ! ಧಾರಾವಾಹಿಯಲ್ಲಿ ಸೊಸೆಯ ಹಾಲಿಗೆ ವಿಷ ಬೀಳುತ್ತಿರಲಿ, ಕ್ರಿಕೆಟ್ಟಿನಲ್ಲಿ ಕೊನೆಯ ಚೆಂಡಿಗೆ ಆರು ರನ್ ಬೇಕಾಗಿರಲಿ, ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕುಳಿತಿರಲಿ, ಅತ್ತೆಯ ಕಣ್ಣು ಮಾತ್ರ ಟಿ.ವಿ.ಯ ಕೆಳಗಂಚಿನಿಂದ ಗೋಡೆಗುಂಟ ಮೆಲ್ಲಗೆ ಇಳಿಯುತ್ತಿರುತ್ತದೆ. ವಾಯರು ಎಲ್ಲಿ ಹೊರಟಿತು, ಎಲ್ಲಿ ಜೋತುಬಿತ್ತು, ಯಾವ ತೂತಿನೊಳಗೆ ಹೊಕ್ಕಿತು ಎಂದು ಹುಡುಕುತ್ತಿರುತ್ತದೆ. ವಾಯರು ಕಣ್ಣಿಗೆ ಬಿತ್ತೋ, ಮುಗಿಯಿತು. ಆ ಮನೆಗೆ ಅವಳು ಮತ್ತೊಮ್ಮೆ ಬರುತ್ತಾಳೆ. ಕರೆಯದಿದ್ದರೂ ಬರುತ್ತಾಳೆ. ಬರುವಾಗ ಹೆಗಲಿಗೆ ಅವಳೇ ಹೊಲಿದ ದಪ್ಪ ಬಟ್ಟೆಯ ಚೀಲವಿರುತ್ತದೆ. ಅದರಲ್ಲಿ ಗೋಡೆಗೆ ಮೆತ್ತುವ ಪುಟ್ಟಿಯ ಡಬ್ಬಿ, ಪಾಲಿಶ್ ಪೇಪರು, ರಸಮಟ್ಟ, ನಾಲ್ಕು ತರದ ಕುಂಚ, ಜೊತೆಗೆ ಒಂದು ಡ್ರಿಲ್ ಮಷಿನ್!

ಅತ್ತೆ ರಾಣೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಊರಿನ ಅರ್ಧ ಹೆಂಗಸರು ಅವಳ ಕೈಯಲ್ಲಿ ಬೆರಳಿಗೆ ಪೆಟ್ಟು ತಿಂದು ಕಾಜಾ ಹಾಕಲು ಕಲಿತವರು. ಅವಳು ಈಗ ಬಸ್ಸು ಹತ್ತಿದರೂ ಯಾರಾದರೊಬ್ಬ ದಪ್ಪನೆಯ ಗೃಹಿಣಿ ದಡಬಡಿಸಿ ಎದ್ದು, "ಬರ್ರಿ ಅಕ್ಕೋರ, ಕುಂದ್ರಿ" ಎಂದು ಜಾಗ ಬಿಟ್ಟುಕೊಡುತ್ತಾಳೆ, ಹಾಗೇ ತನ್ನ ಸೀರೆಯ ಕೆಳಗಂಚನ್ನು ಅಡಗಿಸಿಕೊಳ್ಳುತ್ತಾಳೆ. ಫಾಲು ಓರೆ ಇದ್ದರೆ ಬಸ್ಸಿನಲ್ಲೇ ಬೈಗುಳ ಖಂಡಿತ. ಮದುವೆಯಾಗದ ಅತ್ತೆ ನಿವೃತ್ತಳಾದಾಗ, ಇನ್ನು ಇವಳು ಭಜನೆಯ ಮೇಳ ಸೇರುತ್ತಾಳೆ, ತೀರ್ಥಯಾತ್ರೆಗೆ ಹೋಗುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಗೋಡೆ ಕೊರೆಯಲು ಹೊರಡುತ್ತಾಳೆ ಎಂದು ಯಾರಿಗಾದರೂ ಕನಸು ಬಿದ್ದಿತ್ತೇ?

ಈ ಹುಚ್ಚು ಹತ್ತಿದ್ದು ನಮ್ಮ ಮನೆಯಲ್ಲಿಯೇ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೂ ಇದೆ, ಒಳಗೊಳಗೆ ಅಳುಕೂ ಇದೆ. ನಾನು ಹಾವೇರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನಾಲ್ಕು ವರ್ಷದ ಹಿಂದೆ ದೀಪಾವಳಿಗೆ ನಲವತ್ಮೂರು ಇಂಚಿನ ಟಿ.ವಿ. ತಂದೆ. ಅಂಗಡಿಯಿಂದ ಬಂದ ಮನುಷ್ಯ ಅದನ್ನು ಗೋಡೆಗೆ ನೇತುಹಾಕಿ, ಅದರ ಪಕ್ಕದಲ್ಲಿ ಬೆಕ್ಕು ನುಸುಳುವಷ್ಟು ದೊಡ್ಡ ತೂತು ಕೊರೆದು, "ಆತ್ರಿ ಸರ್" ಎಂದು ಹೊರಟುಹೋದ. ಕರೆಂಟಿನದೊಂದು, ಡಿಶ್ಶಿನದೊಂದು, ಸೆಟ್‌ಟಾಪ್ ಡಬ್ಬಿಯದೊಂದು, ಇಂಟರ್‌ನೆಟ್ಟಿನದೊಂದು, ಯಾತಕ್ಕೆಂದು ಅವನಿಗೂ ತಿಳಿಯದ್ದು ಮತ್ತೊಂದು, ಹೀಗೆ ಐದು ವಾಯರು ಗೋಡೆಯ ಮೇಲೆ ಜೋತಾಡತೊಡಗಿದವು. ನಮಗೇನೂ ಅನ್ನಿಸಲಿಲ್ಲ. ಊರಿನ ಎಲ್ಲರ ಮನೆಯಲ್ಲೂ ಹಾಗೆಯೇ ಅಲ್ಲವೇ?

ಹಬ್ಬಕ್ಕೆಂದು ರಾಣೆಬೆನ್ನೂರಿನಿಂದ ಅತ್ತೆ ಬಂದಳು. ನಾನು ಉಬ್ಬಿಕೊಂಡು ಟಿ.ವಿ. ಹಚ್ಚಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇದೇನೋ ಇದು?"

"ನಲವತ್ಮೂರು ಇಂಚಿಂದು, ಅತ್ತಿ!"

"ಅದಲ್ಲ. ಅದರ ಕೆಳಗ ಜೋತಬಿದ್ದೈತಲ್ಲ, ಅದು."

"ಅದಾ? ವಾಯರ್."

"ಯಾರದರ ಅಂಗಿ ಕೆಳಗಿಂದ ಚೊಣ್ಣದ ಲಾಡಿ ಜೋತಬಿದ್ರ, ಚಾ ಕುಡಕೋಂತ ಅದನ್ನ ನೋಡಿಕೋಂತ ಕುಂದರ್ತೀಯೇನು?"

ಆ ಕ್ಷಣದಿಂದ ನನಗೆ ನಮ್ಮ ಟಿ.ವಿ. ಲಾಡಿ ಬಿಚ್ಚಿದ ಮನುಷ್ಯನಂತೆ ಕಾಣತೊಡಗಿತು. ಏನು ಮಾಡಿದರೂ ಬೇರೆ ತರ ಕಾಣಲೇ ಇಲ್ಲ! ಸಂಜೆಯ ಬಸ್ಸಿಗೆ ಹೊರಡಬೇಕಿದ್ದ ಅತ್ತೆ ಐದು ದಿನ ಉಳಿದಳು. ಹಾವೇರಿಯ ಹಳೆಯ ವಾಯರ್‌ಮನ್ ಒಬ್ಬರನ್ನು ಕರೆಸಿದಳು. ಊರಿಗೆಲ್ಲ ಅವರು ಭಾಯಿ. ಬಿಳಿ ಗಡ್ಡ, ಹಳೆಯ ಸ್ಕೂಟರು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಕರೆಂಟಿನ ಕೆಲಸಕ್ಕೆ ತಾನು ಕೈ ಹಚ್ಚುವುದಿಲ್ಲ ಎಂದು ಅತ್ತೆ ಮೊದಲೇ ಹೇಳಿಬಿಟ್ಟಳು. ಭಾಯಿ ಟಿ.ವಿ.ಯ ಬೆನ್ನಿಗೇ ಒಂದು ಪ್ಲಗ್ಗು ಕೂರಿಸಿದರು. ಉಳಿದ ವಾಯರುಗಳಿಗಾಗಿ ಗೋಡೆಯಲ್ಲಿ ಸಣ್ಣ ಕಾಲುವೆ ತೋಡಿ ಪೈಪು ಇಟ್ಟರು. ಪೈಪು ಕೆಳಗೆ ಬಂದು, ಡಬ್ಬಿ ಇಟ್ಟಿದ್ದ ಕಪಾಟಿನ ಕಡೆಗೆ ಬಾಗುವಲ್ಲಿ ಎಲ್ಲವೂ ನಿಂತಿತು. ಭಾಯಿ ಮೇಲಿನಿಂದ ವಾಯರು ತುರುಕಿದರು, ಬರಲಿಲ್ಲ. ಕಬ್ಬಿಣದ ತಂತಿ ತೂರಿಸಿದರು, ಅದೂ ಸಿಕ್ಕಿಕೊಂಡಿತು. ಬೆವರು ಒರೆಸಿಕೊಂಡು, "ಪೈಪ್ ಒಡೀಬೇಕ್ರಿ ಅಕ್ಕೋರ" ಎಂದರು.

ಅತ್ತೆ ತನ್ನ ಹೊಲಿಗೆ ಡಬ್ಬಿಯಿಂದ ದಪ್ಪ ಸೂಜಿಯೊಂದನ್ನು ತೆಗೆದು, ಅದಕ್ಕೆ ಉದ್ದನೆಯ ದಾರ ಪೋಣಿಸಿ ಪೈಪಿನೊಳಗೆ ಇಳಿಬಿಟ್ಟಳು. ನೆಲಕ್ಕೆ ಚೆಲ್ಲಿದ ಟಾಚಣಿ, ಸೂಜಿಗಳನ್ನು ಆರಿಸಲು ಹೊಲಿಯುವವರು ಇಟ್ಟುಕೊಳ್ಳುವ ಅಯಸ್ಕಾಂತ ಇರುತ್ತದಲ್ಲ, ಅದನ್ನು ತೆಗೆದು ಪೈಪಿನ ಹೊರಮೈಗೆ ಹಚ್ಚಿ ಮೆಲ್ಲಗೆ ಸರಿಸುತ್ತ ಬಂದಳು. ಬಾಗಿದ ಕಡೆ ತಾನೂ ಬಾಗಿದಳು. ಕೆಳಗಿನ ಬಾಯಿಯಿಂದ ಸೂಜಿ ಹೊರಗೆ ಇಣುಕಿತು! ದಾರಕ್ಕೆ ಹುರಿ ಕಟ್ಟಿ, ಹುರಿಗೆ ವಾಯರು ಕಟ್ಟಿ ಎಳೆದರೆ ಐದು ನಿಮಿಷದ ಕೆಲಸ.

ಭಾಯಿ ನೆಲದ ಮೇಲೆ ಕುಳಿತುಬಿಟ್ಟರು. "ಅಕ್ಕೋರ, ನನ್ನ ಗಡ್ಡ ಇದ ಧಂದೆದಾಗ ಬೆಳ್ಳಗಾತು. ಸೂಜಿ ಗ್ವಾಡಿಯೊಳಗ ನಡಕೋಂತ ಹೋಗೂದು ಇವತ್ತ ನೋಡಿದೆ. ಇನ್ನ ಮ್ಯಾಲೆ ನೀವು ನನ್ನ ಉಸ್ತಾದ್!"

ಉಳಿದ ದಿನಗಳಲ್ಲಿ ಸಿಮೆಂಟು, ಅದರ ಮೇಲೆ ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ನಮ್ಮ ಉಪ್ಪಿಟ್ಟಿನ ಮೇಲೂ ಬಿಳಿ ಧೂಳಿನ ಒಂದು ಪದರು. "ಅತ್ತೀರಿ, ಹೊಟ್ಟಿಯೊಳಗ ಗ್ವಾಡಿ ಕಟ್ಟಾಕತ್ತೈತ್ರಿ" ಎಂದು ನನ್ನ ಹೆಂಡತಿ ಗೊಣಗಿದಳು. ಐದನೆಯ ದಿನ ಬಣ್ಣ ಒಣಗಿದಾಗ ನಾನು ಗೋಡೆಯ ಮುಂದೆ ನಿಂತೆ. ಬೆಕ್ಕಿನ ತೂತು ಎಲ್ಲಿತ್ತು? ಕಣ್ಣಿಂದ ಹುಡುಕಿದೆ, ಕೈಯಿಂದ ಸವರಿದೆ, ಬ್ಯಾಟರಿ ಹಿಡಿದು ಓರೆಯಾಗಿ ಬೆಳಕು ಬಿಟ್ಟೆ. ಇಲ್ಲ! ಟಿ.ವಿ. ಗೋಡೆಯ ಮೇಲೆ ತಾನೇ ಹುಟ್ಟಿ ಬೆಳೆದಂತೆ ಇತ್ತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮನ್ನರು ಬಂದು ಹತ್ತು ನಿಮಿಷ ನೋಡಿ ಕೇಳಿದರು: "ಇದು ಬ್ಯಾಟರಿ ಶೆಲ್ ಹಾಕಿ ನಡಸೂದೇನ್ರಿ?"

ಅಲ್ಲಿಂದ ಸುದ್ದಿ ಹಬ್ಬಿತು. ಹಾವೇರಿಯಿಂದ ಕರೆ, ರಾಣೆಬೆನ್ನೂರಿನ ಓಣಿಓಣಿಯಿಂದ ಕರೆ. ಕೂಲಿಯೆಂದು ಅತ್ತೆ ಒಂದು ಲೋಟ ಚಹಾ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಭಾಯಿಯ ಸ್ಕೂಟರು ಮುಂದೆ, ಅತ್ತೆಯ ಆಟೋ ಹಿಂದೆ. ಅವಳು ಕೆಲಸ ಮಾಡುವುದನ್ನು ನಿಂತು ನೋಡಬೇಕು ನೀವು! ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣಿಗೆ ದೊಡ್ಡ ಕನ್ನಡಕ ಏರಿಸಿ, ಡ್ರಿಲ್ಲನ್ನು ಹೊಲಿಗೆ ಯಂತ್ರದ ಹಾಗೆ ಮೃದುವಾಗಿ ಓಡಿಸುತ್ತಾಳೆ. ಬಾಡಿಗೆ ಮನೆಯಾದರೆ ಗೋಡೆ ಒಡೆಯುವುದಿಲ್ಲ. ಬಾಗಿಲ ಚೌಕಟ್ಟಿನ ಅಂಚಿಗೆ ಸಣ್ಣ ಪ್ಲಾಸ್ಟಿಕ್ ಪಟ್ಟಿ ಹಚ್ಚಿ, ಅದಕ್ಕೆ ಚೌಕಟ್ಟಿನದೇ ಬಣ್ಣ ಬಳಿದು ವಾಯರನ್ನು ಅದರೊಳಗೆ ಮಲಗಿಸುತ್ತಾಳೆ. ಮನೆಯ ಮಾಲೀಕ ಬಂದು ನೋಡಿ, ಚೌಕಟ್ಟು ಮೊದಲಿನಿಂದಲೂ ಇಷ್ಟು ಅಗಲ ಇತ್ತು ಎಂದುಕೊಂಡು ಹೋಗುತ್ತಾನೆ.

ಬ್ಯಾಡಗಿಯ ಸಂಗತಿ ಹೇಳದಿದ್ದರೆ ಅತ್ತೆಗೆ ಅನ್ಯಾಯವಾಗುತ್ತದೆ. ಅಲ್ಲಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊಸ ಮನೆ ಕಟ್ಟಿ, ಹಾಲಿನ ಒಂದು ಗೋಡೆಗೆ ಕಡುಗೆಂಪು ಬಣ್ಣ ಹೊಡೆಸಿ, ಅದರ ಮೇಲೆ ಬಾಗಿಲಿನಷ್ಟು ದೊಡ್ಡ ಟಿ.ವಿ. ಹಾಕಿಸಿದ್ದರು. ಅದರ ಕೆಳಗೆ ಎರಡು ತೂತು. ಅತ್ತೆ ಪೈಪು ಇಟ್ಟು, ಕೆಳಗಿನ ತೂತಿಗೆ ಅಯಸ್ಕಾಂತದಿಂದ ಕೂಡುವ ಒಂದು ಸಣ್ಣ ಮುಚ್ಚಳ ಮಾಡಿದಳು. ಮುಚ್ಚಳಕ್ಕೆ ಗೋಡೆಯದೇ ಬಣ್ಣ ಬೇಕು. ಉಳಿದ ಬಣ್ಣವನ್ನು ಪೇಂಟರು ಎಲ್ಲೋ ಸುರಿದುಬಿಟ್ಟಿದ್ದ. ಅಂಗಡಿಯ ಕಂಪ್ಯೂಟರು ಮೂರು ಕೆಂಪು ಬೆರೆಸಿ ಕೊಟ್ಟಿತು. ಮೂರನ್ನೂ ಹಚ್ಚಿ ನೋಡಿ ಅತ್ತೆ ತಲೆಯಾಡಿಸಿದಳು. ಆಗ ವ್ಯಾಪಾರಿ ಪಕ್ಕಕ್ಕೆ ಬಂದು ನಿಂತರು. ದಿನಾ ನೂರು ರಾಶಿಗೆ ಕಣ್ಣು ಹಾಯಿಸಿ ಬಣ್ಣ ಹೇಳುವ ಮನುಷ್ಯ ಅವರು.

"ಇದು ನಮ್ಮ ಬ್ಯಾಡಗಿ ಅಲ್ಲ ಬಿಡ್ರಿ ಅಕ್ಕೋರ" ಎಂದರು, "ಇದು ಗುಂಟೂರು!"

"ಹೌದಲ್ರೀ! ನಾನೂ ಅದನ್ನ ಅನ್ನಾಕತ್ತಿದ್ದೆ. ಬರೇ ಉರೀತೈತಿ, ಒಳಗ ಆಳ ಇಲ್ಲ."

"ಒಂದೀಟು ಕಪ್ಪ ಬೀಳಬೇಕ್ರಿ. ಹ್ಞಾಂ... ಇನ್ನೂ ಒಂದು ಹನಿ. ತಡೀರಿ, ತಡೀರಿ! ಹೆಚ್ಚಾತು. ಈಗ ಹಳೇ ಮಾಲು ಆತು ನೋಡ್ರಿ."

ಹೊರಗೆ ವ್ಯಾಪಾರಿಯ ಫೋನು ಬಡಿದುಕೊಳ್ಳುತ್ತಿತ್ತು. ಅವರು ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದ ಊಟ ತಣ್ಣಗಾಯಿತು. ಇಬ್ಬರೂ ಒಂದು ಅಂಗೈಯಗಲದ ಮುಚ್ಚಳದ ಮುಂದೆ ಕುಳಿತು, ಒಣಮೆಣಸಿನಕಾಯಿಯನ್ನು ಪಕ್ಕಕ್ಕೆ ಹಿಡಿದು, ಬಣ್ಣಕ್ಕೆ ಹನಿ ಹನಿ ಕಪ್ಪು ಸೇರಿಸಿದರು. ಅತ್ತೆಯ ಜೊತೆಗೆ ಬಂದಿದ್ದ ನಾನು ಕುರ್ಚಿಯ ಮೇಲೆ ಕುಳಿತೇ ನಿದ್ದೆ ಹೋದೆ. ಎದ್ದಾಗ ಮುಚ್ಚಳ ಮಾಯವಾಗಿತ್ತು. ವ್ಯಾಪಾರಿಯ ಹೆಂಡತಿ ಗೋಡೆಗೆ ಕೈಮುಗಿದಳು. ನಿಜವಾಗಿಯೂ ಕೈಮುಗಿದಳು!

ಆದರೆ ಕೆಲಸ ಅತಿಯಾಗಿ ಚೆನ್ನಾದರೆ ಏನಾಗುತ್ತದೆ? ಎಂಟು ತಿಂಗಳ ನಂತರ ಆ ಮನೆಯ ಕೇಬಲ್ ಕೆಟ್ಟಿತು. ರಿಪೇರಿಗೆ ಬಂದವನಿಗೆ ವಾಯರು ಎಲ್ಲಿದೆ ಎಂದೇ ತಿಳಿಯಲಿಲ್ಲ. ವೈದ್ಯರು ಎದೆ ಬಡಿದು ನೋಡುವಂತೆ ಗೋಡೆಯನ್ನೆಲ್ಲ ಬಡಿದು ನೋಡಿದ. ಮನೆಯವರಿಗೂ ನೆನಪಿಲ್ಲ! ಕೊನೆಗೆ ವ್ಯಾಪಾರಿ ಫೋನು ಮಾಡಿದರು. ಅತ್ತೆ ಅವತ್ತು ನಮ್ಮ ಮನೆಯಲ್ಲೇ ಇದ್ದಳು.

"ಅಕ್ಕೋರ, ತೂತು ಎಲ್ಲೈತ್ರಿ?"

"ಅದು ಫೋನಿನ್ಯಾಗ ಹೇಳೋ ಮಾತಲ್ಲ" ಎಂದು ಅತ್ತೆ ಫೋನಿಟ್ಟಳು. ಮಧ್ಯಾಹ್ನದ ಬಸ್ಸು ಹಿಡಿದು ಬ್ಯಾಡಗಿಗೆ ಹೋದಳು. ನಾನೂ ಜೊತೆಗೆ ಹೋದೆ. ಹಾಲಿನಿಂದ ವ್ಯಾಪಾರಿಯನ್ನು, ಹೆಂಡತಿಯನ್ನು, ಕೇಬಲ್ಲಿನವನನ್ನು, ನನ್ನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಎರಡು ನಿಮಿಷಕ್ಕೆ ಬಾಗಿಲು ತೆರೆದಾಗ ಮುಚ್ಚಳ ಅವಳ ಕೈಯಲ್ಲಿತ್ತು. ಸ್ವಂತ ಮನೆಯ ಗೋಡೆಯ ಗುಟ್ಟು ಆ ಮನೆಯ ಯಜಮಾನರಿಗೆ ಇಂದಿಗೂ ಪೂರ್ತಿ ಗೊತ್ತಿಲ್ಲ!

ಇಂಥವಳನ್ನು ನಮ್ಮ ಕಾಕಾನ ಮಗಳಿಗೆ ಗಂಡಿನ ಮನೆ ನೋಡಲು ಕರೆದುಕೊಂಡು ಹೋದದ್ದು ನಮ್ಮದೇ ತಪ್ಪು. ಗಂಡಿನ ಊರು ಕರ್ಜಗಿ. ಒಳ್ಳೆಯ ಹೊಲ, ಒಳ್ಳೆಯ ಮನೆತನ. ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸರಿಯಾಗಿ ಟಿ.ವಿ.ಯ ಕೆಳಗೆ ಕುಳಿತಿದ್ದ. ಪಾಪ! ಹಿರಿಯರು ಮಳೆ ಬೆಳೆ ಮಾತಾಡುತ್ತಿದ್ದರು. ಅತ್ತೆ ಹುಡುಗನ ತಲೆಯ ಮೇಲಿನ ಜಾಗವನ್ನೇ ಎವೆಯಿಕ್ಕದೆ ನೋಡತೊಡಗಿದಳು. ಹುಡುಗ ಕೂದಲು ಸವರಿಕೊಂಡ. ಅವಳು ಇನ್ನೂ ನೋಡಿದಳು. ಅವನು ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಅವನ ತಾಯಿಗೆ ತಡೆಯಲಾಗಲಿಲ್ಲ.

"ಅಕ್ಕೋರ, ಹುಡುಗನ್ನ ಏನರ ಕೇಳೂದಿತ್ತೇನ್ರಿ?"

"ಹೂಂ. ತಮ್ಮಾ, ಆ ಮೊಳಿ ಯಾರು ಬಡದಾರ?"

ಎಲ್ಲರೂ ತಲೆಯೆತ್ತಿದರು. ಟಿ.ವಿ.ಯ ವಾಯರುಗಳನ್ನೆಲ್ಲ ಒಟ್ಟು ಮಾಡಿ ಮಡಚಿ, ನಡುವೆ ಒಂದು ಉದ್ದನೆಯ ಮೊಳೆ ಹೊಡೆದು ಸಿಕ್ಕಿಸಲಾಗಿತ್ತು.

"ನಾನ ರೀ" ಎಂದ ಹುಡುಗ.

"ಮೊದಲ ಹೋಗಿ ಮೇನ್ ಬಂದ್ ಮಾಡು. ಮೊಳಿ ಕರೆಂಟಿನ ವಾಯರಿಗೆ ತಾಗೇತಿ."

ಕಾಕಾ ನನ್ನ ತೊಡೆ ಜಿಗುಟಿದ. ಸಂಬಂಧ ಕೆಟ್ಟಿತು ಎಂದೇ ನಾವೆಲ್ಲ ತಿಳಿದೆವು. ಹುಡುಗ ಎದ್ದು ಹೋಗಿ ಮೇನ್ ಆರಿಸಿದ. ಇಸ್ತ್ರಿಯ ಅಂಗಿಯಲ್ಲೇ ಸ್ಟೂಲು ಹತ್ತಿ ಮೊಳೆ ಕಿತ್ತ. ವಾಯರಿನ ಮೈ ಸೀಳಿ ಒಳಗಿನ ತಾಮ್ರ ಮಿಂಚುತ್ತಿತ್ತು. ಅವನು ಅದನ್ನು ನೋಡಿ ಬೆಚ್ಚಿದ. ಸ್ಟೂಲಿನ ಮೇಲಿಂದಲೇ ಅತ್ತೆಯ ಕಡೆಗೆ ತಿರುಗಿ, "ಹಂಗಾದ್ರ ಇದನ್ನ ಹ್ಯಾಂಗ ಮಾಡಬೇಕಿತ್ರಿ ಅಕ್ಕೋರ?" ಎಂದು ಕೇಳಿದ.

ತಿರುಗಿ ಬರುವಾಗ ಜೀಪಿನಲ್ಲಿ ಅತ್ತೆಯೇ ಮೊದಲು ಬಾಯಿ ಬಿಟ್ಟಳು: "ಹುಡುಗನ್ನ ಬಿಡಬ್ಯಾಡ್ರಿ. ನಾಕು ಮಂದಿ ಮುಂದ ತಪ್ಪು ತೋರಿಸಿದ್ರೂ ಮಾರಿ ಗಂಟ ಹಾಕಿಕೊಳ್ಳಲಿಲ್ಲ. ಹ್ಯಾಂಗ ಮಾಡಬೇಕಂತ ಕೇಳಿದ. ನಮ್ಮ ಹುಡುಗಿ ಸುಖಾ ಪಡತಾಳ."

ಮದುವೆಯಾಯಿತು. ಹುಡುಗಿ ಸುಖವಾಗಿಯೂ ಇದ್ದಾಳೆ. ಮದುವೆಯ ದಿನ ಅತ್ತೆ ವಧೂವರರ ಕೈಗೆ ಬಣ್ಣದ ಕಾಗದ ಸುತ್ತಿದ ಒಂದು ಭಾರದ ಪೆಟ್ಟಿಗೆ ಕೊಟ್ಟಳು. ಬೀಗರ ಕಡೆಯವರೆಲ್ಲ ಮಿಕ್ಸರ್ ಎಂದುಕೊಂಡರು. ಬಿಚ್ಚಿ ನೋಡಿದರೆ ಹೊಸ ಡ್ರಿಲ್ ಮಷಿನ್!

ಹೀಗೆ ಬೇರೆಯವರ ಗೋಡೆಗಳನ್ನು ನೋಡುತ್ತ ಓಡಾಡುವವಳ ಮೈಯನ್ನು ನೋಡುವವರು ಯಾರು? ಹೋದ ವರ್ಷ ಶ್ರಾವಣದಲ್ಲಿ ಅತ್ತೆ ನಮ್ಮ ಮನೆಗೆ ಬಂದಿದ್ದಳು. ಸ್ಟೂಲಿನ ಮೇಲೆ ನಿಂತು ನಮ್ಮ ಕೋಣೆಯ ಗೋಡೆಯ ಸಣ್ಣ ಬಿರುಕಿಗೆ ಪುಟ್ಟಿ ಹಚ್ಚುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಕುಸಿದು ಕುಳಿತಳು. ಮುಖ ಪುಟ್ಟಿಗಿಂತ ಬೆಳ್ಳಗಾಗಿತ್ತು. ಕೇಳಿದರೆ, ನಾಲ್ಕು ತಿಂಗಳಿಂದ ಹೀಗೆ ಆಗಾಗ ನೋಯುತ್ತದಂತೆ! ನಮಗೆ ಒಬ್ಬರಿಗೂ ಸುಳಿವಿರಲಿಲ್ಲ. ಹಾವೇರಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಪಿತ್ತಕೋಶದಲ್ಲಿ ಹರಳು, ಸೋಂಕೂ ಆಗಿದೆ, ತಡಮಾಡುವಂತಿಲ್ಲ ಎಂದರು. ಡಾಕ್ಟರು ತರುಣ. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತು ಹಾಕಿ ತೆಗೆಯುತ್ತೇವೆ ಎಂದು ವಿವರಿಸತೊಡಗಿದರು. ತೂತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಲಗಿದ್ದ ಅತ್ತೆ ಎದ್ದು ಕುಳಿತಳು.

"ಎಷ್ಟು ತೂತ ಹಾಕ್ತೀರಿ?"

"ನಾಕು ರೀ ಅಮ್ಮಾ."

"ಎಷ್ಟೆಷ್ಟು ಅಗಲ?"

"ಎರಡು ಒಂದೊಂದು ಸೆಂಟಿಮೀಟರ್, ಇನ್ನೆರಡು ಅದರ ಅರ್ಧ."

"ಆಮ್ಯಾಲೆ ಕಾಣತಾವೇನು?"

ಡಾಕ್ಟರು ನಕ್ಕರು. "ಒಂದನ್ನ ಹೊಕ್ಕಳ ಮಡಿಕಿಯೊಳಗ ಹಾಕ್ತೀನ್ರಿ. ಅದು ಯಾರಿಗೂ ಕಾಣಂಗಿಲ್ಲ. ಉಳದದ್ದು ವರ್ಷಾದಮ್ಯಾಲೆ ನೀವ ಹುಡುಕಬೇಕು."

ಅತ್ತೆ ನನ್ನ ಕಡೆಗೆ ತಿರುಗಿದಳು. ಅವಳ ಮುಖದಲ್ಲಿ ಅಂಥ ಗೌರವವನ್ನು ನಾನು ನೋಡಿರಲೇ ಇಲ್ಲ. "ಕೇಳಿದೀಯಿಲ್ಲೋ? ಮಡಿಕಿಯೊಳಗ! ಈ ಹುಡುಗಗ ಕೆಲಸ ಗೊತ್ತೈತಿ. ಎಲ್ಲಿ ಸಹಿ ಮಾಡಬೇಕು, ತಾ" ಎಂದಳು.

ಮರುದಿನ ಬೆಳಿಗ್ಗೆ ಒಳಗೆ ಕರೆದೊಯ್ದರು. ಹೋಗುವಾಗಲೂ, "ಹೊಲಿಗಿ ಯಾವ ದಾರದ್ದು ಹಾಕ್ತೀರಿ?" ಎಂದು ನರ್ಸಿಗೆ ಪರೀಕ್ಷೆ ನಡೆಸಿದ್ದಳು. ಬಾಗಿಲು ಮುಚ್ಚಿತು. ಒಂದು ತಾಸು ಎಂದಿದ್ದರು. ನಾನು ಹೊರಗಿನ ಹಾಲಿನಲ್ಲಿ ಕುಳಿತೆ. ಹೆಂಡತಿ ಗಂಜಿ ಮಾಡಿಕೊಂಡು ಬರಲು ಮನೆಗೆ ಹೋಗಿದ್ದಳು. ಒಂದು ತಾಸು ಮುಗಿಯಿತು. ಒಂದೂವರೆ ಆಯಿತು. ನರ್ಸೊಬ್ಬಳು ಓಡುತ್ತ ಹೊರಗೆ ಬಂದು, ಏನೋ ತೆಗೆದುಕೊಂಡು, ಓಡುತ್ತ ಒಳಗೆ ಹೋದಳು. ಕೇಳಿದ್ದಕ್ಕೆ, "ಸೋಂಕು ಜಾಸ್ತಿ ಐತ್ರಿ, ವ್ಯಾಳ್ಯಾ ಹಿಡೀತೈತಿ" ಎಂದಷ್ಟೇ ಹೇಳಿದಳು.

ನನಗೆ ಕುಳಿತಿರಲು ಆಗಲಿಲ್ಲ, ನಿಂತಿರಲೂ ಆಗಲಿಲ್ಲ. ನಾನು ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ ನಮ್ಮವ್ವ ತೀರಿಕೊಂಡಳು. ಹದಿನೈದು ದಿನಕ್ಕೆ ಅತ್ತೆ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಹಾವೇರಿಯಿಂದ ರಾಣೆಬೆನ್ನೂರಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದಳು. ನನ್ನ ಮೀಸೆ ಮೂಡುವವರೆಗೂ ಹಾಗೆಯೇ ಮಾಡಿದಳು. ನನಗೆ ಇದ್ದದ್ದು ಎರಡೇ ಶಾಲೆಯ ಅಂಗಿ. ಅವು ಎಲ್ಲಿ ಹರಿದಿದ್ದವು, ಎಲ್ಲಿ ಅತ್ತೆ ರಫು ಮಾಡಿದ್ದಳು ಎಂದು ನನ್ನ ಪಕ್ಕದಲ್ಲೇ ಕುಳಿತವನಿಗೂ ತಿಳಿಯುತ್ತಿರಲಿಲ್ಲ. ಅವ್ವ ಇಲ್ಲದ ಹುಡುಗ ಎಂದು ಅಂಗಿ ನೋಡಿ ಯಾರೂ ನನಗೆ ಅನ್ನಲಿಲ್ಲ.

ಕಣ್ಣು ಎಲ್ಲಿ ಇಡಬೇಕೆಂದು ತಿಳಿಯದೆ ಮೇಲೆ ನೋಡಿದೆ. ಹಾಲಿನ ಗೋಡೆಯ ಮೇಲೆ ಒಂದು ಟಿ.ವಿ. ಸದ್ದಿಲ್ಲದೆ ಯಾರೋ ಅಡುಗೆ ಮಾಡುತ್ತಿದ್ದರು. ಅದರ ಕೆಳಗೆ ಏಳು ವಾಯರು, ಒಂದರ ಕೊರಳಿಗೆ ಒಂದು ಸುತ್ತಿಕೊಂಡು, ಬಾಯಿ ತೆರೆದ ತೂತಿನೊಳಗೆ ಹೊಗುತ್ತಿದ್ದವು. ಅತ್ತೆ ಹೊರಗೆ ಬರುವಾಗ ಮೊದಲು ಇದೇ ಕಣ್ಣಿಗೆ ಬೀಳುತ್ತದಲ್ಲ ಎನ್ನಿಸಿತು. ಅವಳು ಒಳಗೆ ಹೋಗುವಾಗ ನನ್ನ ಕೈಗೆ ಕೊಟ್ಟಿದ್ದ ಬಟ್ಟೆಯ ಚೀಲದಲ್ಲಿ ದಾರದ ಉಂಡೆ ಇತ್ತು. ಬೆಂಚನ್ನು ಗೋಡೆಗೆ ಎಳೆದು ಮೇಲೆ ಹತ್ತಿದೆ. ಎರಡು ವಾಯರು ಬಿಡಿಸುವಷ್ಟರಲ್ಲಿ ಕಾವಲಿನವನು ಓಡಿಬಂದ.

"ಏ ಸಾಹೇಬ್ರ! ಏನ್ ಮಾಡಾಕತ್ತೀರಿ? ಇಳೀರಿ ಕೆಳಗ!"

"ನಮ್ಮ ಅತ್ತಿ ಹೊರಗ ಬರತಾಳ್ರಿ" ಎಂದೆ. ಮತ್ತೊಂದು ವಾಯರಿಗೆ ಕೈ ಹಾಕಿದೆ.

ಅವನಿಗೆ ಇದೆಂಥ ಉತ್ತರ ಎನ್ನಿಸಿರಬೇಕು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಭಾಯಿ ಬಂದರು. ಕೈಯಲ್ಲಿ ಚಹಾದ ಥರ್ಮಾಸು. ನನ್ನನ್ನು ನೋಡಿದರು, ಬೆಂಚನ್ನು ನೋಡಿದರು, ವಾಯರುಗಳನ್ನು ನೋಡಿದರು. ಥರ್ಮಾಸನ್ನು ಕಾವಲಿನವನ ಕೈಗಿತ್ತು, "ಐದ ಮಿನಿಟ್ ಬಿಡ್ರಿ ಭಾಯಿಸಾಬ್. ನಾ ವಾಯರ್‌ಮನ್ ಅದೇನಿ. ಉಸ್ತಾದ್ ಒಳಗದಾರ" ಎಂದು ತಾವೂ ಬೆಂಚು ಹತ್ತಿದರು. ಇಬ್ಬರೂ ವಾಯರು ಬಿಡಿಸಿದೆವು, ಒಟ್ಟು ಮಾಡಿದೆವು, ದಾರ ಸುತ್ತಿದೆವು, ಟಿ.ವಿ.ಯ ಬೆನ್ನಿಗೆ ಎಳೆದು ಕಟ್ಟಿದೆವು. ಭಾಯಿಯ ತುಟಿ ಅಲುಗುತ್ತಲೇ ಇತ್ತು, ಪ್ರಾರ್ಥನೆ ಇರಬೇಕು. ತೂತಿಗೆ ಚೀಲದಲ್ಲಿದ್ದ ಪುಟ್ಟಿ ಮೆತ್ತಿದೆ. ಓರೆಕೋರೆಯಾಗಿ, ಬೆರಳಿನ ಗುರುತು ಹಾಗೇ ಉಳಿದು, ನೋಡಿದವರಿಗೆ ನಗು ಬರುವಂತಿತ್ತು. ಬೆಂಚು ಹಿಡಿದುಕೊಂಡು ನಿಂತಿದ್ದವನು ಯಾರು ಗೊತ್ತೇ? ಕಾವಲಿನವನೇ!

ಎರಡೂಮುಕ್ಕಾಲು ತಾಸಿಗೆ ಬಾಗಿಲು ತೆರೆಯಿತು. ಡಾಕ್ಟರು ಮುಖದ ಬಟ್ಟೆ ಇಳಿಸಿ, "ಆರಾಮ ಅದಾರ್ರಿ" ಎಂದರು. ಭಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಅತ್ತೆಯನ್ನು ಗಾಲಿಯ ಮಂಚದ ಮೇಲೆ ತಳ್ಳಿಕೊಂಡು ಬಂದರು. ಹಸಿರು ಬಟ್ಟೆಯಲ್ಲಿ ಅವಳು ಎಷ್ಟು ಸಣ್ಣಗೆ ಕಾಣುತ್ತಿದ್ದಳೆಂದರೆ, ಯಾವುದೋ ಶಾಲೆಯ ಹುಡುಗಿಯನ್ನು ಮಲಗಿಸಿದಂತಿತ್ತು. ಕಣ್ಣು ಅರ್ಧ ತೆರೆದಿತ್ತು. ಮಂಚ ಸರಿಯಾಗಿ ಟಿ.ವಿ.ಯ ಮುಂದೆ ಬಂದಿತು. ಅವಳು ಗೋಡೆಯನ್ನು ನೋಡಲಿಲ್ಲ. ನಾನು ಬೆರಳು ಮಾಡಿ ತೋರಿಸಿದೆ.

"ಅತ್ತಿ, ಗ್ವಾಡಿ ನೋಡು. ನಾನೂ ಭಾಯಿನೂ ಮಾಡೀವಿ."

ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ತುಟಿ ಒಣಗಿತ್ತು. ನಾನು ಬಗ್ಗಿದೆ.

"ಮಾರಿ ಯಾಕೋ ಇಷ್ಟ ಸಣ್ಣ ಆಗೇತಿ? ಮುಂಜಾನಿಂದ ಏನೂ ತಿಂದಿಲ್ಲಲ್ಲ ನೀ?"

"ತಿಂದೇನಿ, ಅತ್ತಿ" ಎಂದೆ.

ಅವಳು ನಂಬಲಿಲ್ಲ ಎಂದು ಕಣ್ಣಿನಲ್ಲೇ ತಿಳಿಯಿತು. ಹೊದಿಕೆಯೊಳಗಿಂದ ಕೈ ಮೆಲ್ಲಗೆ ಹೊರಗೆ ಬಂದು ನನ್ನ ಅಂಗಿಯನ್ನು ಹುಡುಕಿತು. ಎದೆಯ ಹತ್ತಿರದ ಗುಂಡಿಯೊಂದು ಸಡಿಲಾಗಿ ಒಂದೇ ಎಳೆಯ ಮೇಲೆ ನಿಂತಿತ್ತು. ನಾನು ಅದನ್ನು ಗಮನಿಸಿರಲೇ ಇಲ್ಲ.

"ಇದು ಬೀಳತೈತಿ ನೋಡು" ಎಂದಳು. "ಇರು, ಮನಿಗೆ ಹೋದಕೂಡ್ಲೆ ಹಚ್ಚಿಕೊಡ್ತೀನಿ."

ಲಿಫ್ಟಿನಲ್ಲಿ ಅವಳಿಗೆ ಮತ್ತೆ ಮಂಪರು ಹತ್ತಿತು. ನಾನು ಮಂಚದ ಮೇಲೆ ಬಾಗಿಕೊಂಡೇ ನಿಂತಿದ್ದೆ. ನೆಟ್ಟಗೆ ನಿಲ್ಲುವಂತಿರಲಿಲ್ಲ. ಎರಡನೇ ಮಹಡಿಯ ವಾರ್ಡು ಬರುವವರೆಗೂ ಅತ್ತೆ ಆ ಗುಂಡಿಯನ್ನು ಬೀಳದಂತೆ ಎರಡು ಬೆರಳಲ್ಲಿ ಹಿಡಿದುಕೊಂಡೇ ಇದ್ದಳು.